ದಾಂಡೇಲಿಯ ಕಾರ್ಖಾನೆ ಗೋಡೆಗಳು

ಪ್ರವಾಸಿಗರು ದಾಂಡೇಲಿಗೆ ರಾಫ್ಟಿಂಗ್‌ಗೆಂದು ಬರುತ್ತಾರೆ. ನನಗೆ ಮಾತ್ರ ಇದು ಇನ್ನೂ ಕಾರ್ಖಾನೆಗಳ ಊರೇ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ನಡೆಯುತ್ತಿದೆ. ಐಪಿಎಂ ಪ್ಲೈವುಡ್, ಫೆರೋ ಅಲಾಯ್ಸ್ ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತು. ಜೊಯಿಡಾ, ಹಳಿಯಾಳದ ಕಾಡಿನ ಮರ, ಬಿದಿರು, ಕಾಳಿ ನದಿಯ ನೀರು, ಅಳ್ನಾವರದಿಂದ ಬಂದ ರೈಲುಹಳಿ ಇವೆಲ್ಲ ಕೂಡಿಯೇ ಇಲ್ಲಿ ದುಡಿಮೆ ಹುಟ್ಟಿಸಿದವು. ಕನ್ನಡ, ಕೊಂಕಣಿ, ಮರಾಠಿ, ತೆಲುಗಿನ ಮನೆಗಳು ಒಂದೇ ಓಣಿಗೆ ಬಂದವು.

ಕಾರ್ಖಾನೆ ಮುಚ್ಚಿದರೆ ಯಂತ್ರ ಗುಜರಿಗೆ ಹೋಗುತ್ತದೆ, ಹಿಂದೆಯೇ ಕಟ್ಟಡ. ಉಳಿಸಿಕೊಳ್ಳೋಣವೆಂದರೆ 1958ರ ಕೇಂದ್ರ ಸ್ಮಾರಕ ಕಾಯ್ದೆ ರಕ್ಷಣೆಗೆ ನೂರು ವರ್ಷದ ವಯಸ್ಸು ಕೇಳುತ್ತದೆ. ಜರ್ಮನಿಯ ಫೋಲ್ಕ್‌ಲಿಂಗೆನ್ ಕಬ್ಬಿಣದ ಕಾರ್ಖಾನೆಯಾದರೋ 1986ರಲ್ಲಿ ನಿಂತು 1994ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಾವೂ ನಕ್ಷೆ, ಫೋಟೊ, ಹಾಜರಿ ಪುಸ್ತಕ, ನಿವೃತ್ತ ಕಾರ್ಮಿಕರ ನೆನಪುಗಳನ್ನು ಈಗಲೇ ಕೂಡಿಡಬೇಕು. ಒಂದು ಶೆಡ್ಡಾದರೂ ಮ್ಯೂಸಿಯಂ ಆಗಲಿ, ಪ್ರವಾಸಿಗರು ಅಲ್ಲಿಗೂ ಬರಲಿ.