ಕಂಪ್ಯೂಟರ್ ಕುಂಟುತ್ತಿದೆಯೇ? ಡಬ್ಬಿ ತೆಗೆದು ನೋಡಿ

ಅಕ್ಕಂದಿರೇ, ನಿಮ್ಮ ಸಂಘದಲ್ಲೂ ಈಗ ಒಂದು ಕಂಪ್ಯೂಟರ್ ಇರಬಹುದು. ಪಂಚಾಯಿತಿ ಗ್ರಂಥಾಲಯದಲ್ಲಿ ನೋಡಿರಬಹುದು. ಅದರ ಪಕ್ಕದಲ್ಲಿ ಕೆಲವು ಕಡೆ ಅಂಗೈ ಅಗಲದ ಒಂದು ಕಪ್ಪು ಡಬ್ಬಿ ಇರುತ್ತದೆ. ವೈರಿನಿಂದ ಕಂಪ್ಯೂಟರಿಗೆ ಜೋಡಿಸಿರುತ್ತಾರೆ. ಅದಕ್ಕೆ ಹಾರ್ಡ್ ಡಿಸ್ಕ್ ಅಂತ ಹೆಸರು. ನಾವು ಡಬ್ಬಿ ಅಂತಲೇ ಕರೀತೀವಿ. ಲೆಕ್ಕ, ಪತ್ರ, ಫೋಟೋ ಎಲ್ಲ ಅದರಲ್ಲಿ ತುಂಬಿಡಬಹುದು. ಬೇಕಾದಾಗ ಬಿಡಿಸಿ ಬೇರೆ ಕಡೆ ಒಯ್ಯಬಹುದು.

ಈ ಡಬ್ಬಿ ನಮ್ಮನ್ನು ಹೇಗೆ ಆಟ ಆಡಿಸಿತು, ಕೇಳಿ.

ನಾವು ಸಂಜೆ ತರಗತಿ ನಡೆಸುವ ಟೀಚರುಗಳು. ಪಾಠ ಮುಗಿದ ಮೇಲೆ ಸಂಘದ ಅಕ್ಕಂದಿರ ಜೊತೆ ಕೂತು ಲೆಕ್ಕವನ್ನೂ ಕಂಪ್ಯೂಟರಿಗೆ ಹಾಕುತ್ತೇವೆ. ಸಂಘದಲ್ಲಿ 14 ಜನ. ಎರಡು ವರ್ಷದ ಉಳಿತಾಯ, ಸಾಲ ಎಲ್ಲ ಆ ಡಬ್ಬಿಯಲ್ಲೇ ಇತ್ತು. 2024ರ ದಸರಾ ಕಳೆದ ಮೇಲೆ ಬ್ಯಾಂಕಿನವರು ಸಾಲ ಕೊಡಲು ಒಪ್ಪಿದರು. ಎರಡು ವರ್ಷದ ಲೆಕ್ಕ ಪ್ರಿಂಟ್ ತೆಗೆಸಿ ತನ್ನಿ ಎಂದರು. ಎಂಟು ದಿನ ಗಡುವು.

ಆಗಲೇ ಕಂಪ್ಯೂಟರ್ ಕುಂಟತೊಡಗಿತು. ಒಂದು ಸಲ ಗುಂಡಿ ಒತ್ತಿದರೆ ಎದ್ದುಹೋಗಿ ನೀರು ಕುಡಿದು ಬರಬಹುದಿತ್ತು. ಲೆಕ್ಕದ ಹಾಳೆ ತೆರೆಯಲು ಕಾಲು ಗಂಟೆ. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದೆವು. "ಮಷೀನಿಗೆ ವಯಸ್ಸಾಯ್ತು, ಹೊಸದು ತಗೊಳ್ಳಿ, 30 ಸಾವಿರ ಆಗುತ್ತೆ" ಎಂದರು. ಬಿಚ್ಚಿ ನೋಡಲೂ ಇಲ್ಲ. "ಅಷ್ಟು ದುಡ್ಡಿದ್ದಿದ್ರೆ ಬ್ಯಾಂಕಿಗೆ ಯಾಕೆ ಹೋಗ್ತಿದ್ವಿ?" ಎಂದರು ಅಧ್ಯಕ್ಷೆ ಅಕ್ಕ.

ಮರುದಿನ ಕಾರ್ಯದರ್ಶಿ ಅಕ್ಕ ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋಗಿದ್ದರು. ಒಂದು ಅರ್ಜಿ ಬರೆಯಬೇಕಿತ್ತು. ಡಬ್ಬಿ ಇಲ್ಲದೆಯೇ ಕಂಪ್ಯೂಟರ್ ಹಾಕಿದೆವು. ಚಕಚಕ ಅಂತ ನಡೆಯಿತು! ಸಂಜೆ ಅವರು ಬಂದು ಡಬ್ಬಿ ಜೋಡಿಸಿದರು. ಮತ್ತೆ ಅದೇ ಕುಂಟು. ಆಗ ಗೊತ್ತಾಯಿತು, ರೋಗ ಕಂಪ್ಯೂಟರಿಗಲ್ಲ.

ಡಬ್ಬಿ ಕೆಟ್ಟರೆ ಕಂಪ್ಯೂಟರ್ ಯಾಕೆ ನಿಲ್ಲಬೇಕು? ನ್ಯಾಯಬೆಲೆ ಅಂಗಡಿಯ ಸಾಲನ್ನು ನೆನೆಸಿಕೊಳ್ಳಿ. ಮುಂದಿರುವ ಅಜ್ಜಿಯ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುವುದಿಲ್ಲ. ಸೆರಗಿಗೆ ಒರೆಸಿ ಒತ್ತುತ್ತಾಳೆ. ಆಗಲಿಲ್ಲ. ಇನ್ನೊಂದು ಸಲ. ಅಕ್ಕಿ ಇದೆ, ತಕ್ಕಡಿ ಇದೆ, ತೂಗುವವನೂ ಇದ್ದಾನೆ. ಆದರೂ ಹಿಂದಿನವರೆಲ್ಲ ಚೀಲ ಹಿಡಿದು ನಿಂತೇ ಇರಬೇಕು.

ಡಬ್ಬಿಯೊಳಗೆ ನಡೆಯುವುದೂ ಇದೇ. ಅದರೊಳಗೆ ತಟ್ಟೆಯಂಥ ಬಿಲ್ಲೆ ಇದೆ. ರಾಗಿಕಲ್ಲಿನ ಹಾಗೆ ಸುತ್ತುತ್ತದೆ. ರಾಗಿಕಲ್ಲು ಎಲ್ಲಿ, ಇದು ಎಲ್ಲಿ! ಇಂಥ ಚಿಕ್ಕ ಡಬ್ಬಿಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಬಿಲ್ಲೆಗೆ ತಾಗದ ಹಾಗೆ, ತೀರಾ ಹತ್ತಿರದಲ್ಲಿ, ಒಂದು ಮುಳ್ಳು ಓಡಾಡುತ್ತದೆ. ಅದೇ ಓದುವುದು, ಅದೇ ಬರೆಯುವುದು. ಡಬ್ಬಿ ಕೈಜಾರಿ ಬಿದ್ದರೆ, ಇಲ್ಲವೆ ಹಳೆಯದಾದರೆ, ಬಿಲ್ಲೆಯ ಮೇಲೆ ಅಲ್ಲಲ್ಲಿ ಜಾಗ ಕೆಡುತ್ತದೆ. ಅಲ್ಲಿ ಬರೆದಿದ್ದನ್ನು ಮುಳ್ಳಿಗೆ ಓದಲಾಗುವುದಿಲ್ಲ. ಮತ್ತೆ ಓದಲು ನೋಡುತ್ತದೆ. ಮತ್ತೆ, ಮತ್ತೆ. ಅದರಿಂದ ಉತ್ತರ ಬರುವ ತನಕ ಕಂಪ್ಯೂಟರ್ ಕಾಯುತ್ತದೆ. ನಾವು ಕಂಪ್ಯೂಟರನ್ನು ಬೈಯುತ್ತೇವೆ. (ಬಿಲ್ಲೆ ಇಲ್ಲದ ಹೊಸ ಬಗೆಯ ಡಬ್ಬಿಗಳೂ ಬಂದಿವೆ. ಅವುಗಳ ಬೆಲೆ ಹೆಚ್ಚು.)

ಎಲ್ಲಾ ಸಲ ಬಿಲ್ಲೆಯೇ ಕೆಟ್ಟಿರುತ್ತದೆ ಅಂತಲ್ಲ. ವೈರು ಸವೆದಿದ್ದರೂ, ಸಡಿಲವಾಗಿದ್ದರೂ ಇದೇ ಗೋಳು. ಆದ್ದರಿಂದ ಮೊದಲು ಬೇರೆ ವೈರು ಹಾಕಿ ನೋಡಿ. ಆಮೇಲೆ ಬೇರೆ ಕಿಂಡಿಗೆ ಸಿಕ್ಕಿಸಿ. ಕೆಲವು ಕಿಂಡಿಗಳ ಒಳಗೆ ನೀಲಿ ಬಣ್ಣದ ನಾಲಿಗೆ ಇರುತ್ತದೆ. ಅದು ವೇಗದ ಕಿಂಡಿ. ಡಬ್ಬಿ, ವೈರು ಎರಡೂ ಆ ಬಗೆಯವೇ ಆಗಿದ್ದರೆ ಕೆಲಸ ಬೇಗ ಸಾಗುತ್ತದೆ. ಇನ್ನೊಂದು ಮಾತು. ಚಿಕ್ಕ ಡಬ್ಬಿಗೆ ಕರೆಂಟ್ ಬರುವುದೂ ಅದೇ ವೈರಿನಲ್ಲಿ. ಒಂದು ಕಿಂಡಿಗೆ ಕವಲು ಹಾಕಿ ನಾಲ್ಕು ಸಾಮಾನು ಸಿಕ್ಕಿಸಿದರೆ ಡಬ್ಬಿಗೆ ಶಕ್ತಿ ಸಾಲುವುದಿಲ್ಲ. ನಿಂತು ನಿಂತು ಓಡುತ್ತದೆ.

ಬೆಳಿಗ್ಗೆ ಹಾಕುವಾಗ ಮಾತ್ರ ತಡವಾದರೆ ಅದು ಬೇರೆ. ಕೆಲವು ಕಂಪ್ಯೂಟರುಗಳು ಏಳುವಾಗ ಡಬ್ಬಿಯಲ್ಲೂ ಹುಡುಕಾಡುತ್ತವೆ. ಮೊದಲು ಕಂಪ್ಯೂಟರ್ ಹಾಕಿ, ಅದು ಎದ್ದ ಮೇಲೆ ಡಬ್ಬಿ ಸಿಕ್ಕಿಸಿ, ಅಷ್ಟೇ. ವೈರಸ್ ಹುಡುಕುವ ವ್ಯವಸ್ಥೆ ಡಬ್ಬಿಯನ್ನು ತಪಾಸಣೆ ಮಾಡುವಾಗಲೂ ಸ್ವಲ್ಪ ಹೊತ್ತು ನಿಧಾನ ಆಗುತ್ತದೆ. ಅದು ಮುಗಿಯಲಿ ಬಿಡಿ.

ಬಿಡಿಸುವಾಗ ಜಗ್ಗಿ ಎಳೆಯಬೇಡಿ. ಪರದೆಯ ಕೆಳಗೆ ಬಲಮೂಲೆಯಲ್ಲಿ ವೈರಿನ ತುದಿಯಂಥ ಸಣ್ಣ ಚಿತ್ರ ಇರುತ್ತದೆ. ಅದನ್ನು ಒತ್ತಿ, 'ಇಜೆಕ್ಟ್' ಎಂಬ ಸಾಲನ್ನು ಒತ್ತಿ. ಆಮೇಲೆ ಕಳಚಿ.

ನಾವು ವೈರು ಬದಲಿಸಿದೆವು. ಕಿಂಡಿ ಬದಲಿಸಿದೆವು. ಏನೂ ಆಗಲಿಲ್ಲ. ಡಬ್ಬಿಗೆ ಕಿವಿಕೊಟ್ಟರೆ ಆಗಾಗ ಕೊರ್ ಅನ್ನುತ್ತಿತ್ತು. ಬಿಲ್ಲೆಯದೇ ತೊಂದರೆ ಅಂತ ತಿಳಿಯಿತು.

ಹೀಗಾದಾಗ ಮೊದಲ ಕೆಲಸ ರಿಪೇರಿ ಅಲ್ಲ. ಒಳಗಿರುವುದನ್ನು ಹೊರಗೆ ತೆಗೆಯುವುದು. ಮನೆಗೆ ನೀರು ನುಗ್ಗಿದಾಗ ಗೋಡೆ ಒರೆಸುತ್ತಾ ಕೂರುತ್ತೇವೆಯೇ? ಮಗು, ದನ, ಕಾಳಿನ ಚೀಲ ಮೊದಲು. ನಾವು ದಡ್ಡತನ ಮಾಡಿದೆವು. ಎಲ್ಲವನ್ನೂ ಒಂದೇ ಸಲ ನಕಲು ಮಾಡಲು ಹೋದೆವು. ಜಾತ್ರೆಯ ಫೋಟೋಗಳ ಹತ್ತಿರವೇ ಸಿಕ್ಕಿಕೊಂಡಿತು. ಒಂದು ಮಧ್ಯಾಹ್ನ ಹಾಳಾಯಿತು. ಮರುದಿನ ಲೆಕ್ಕದ ಹಾಳೆಗಳನ್ನು ಮಾತ್ರ, ಒಂದೊಂದಾಗಿ, ಕಂಪ್ಯೂಟರಿನ ಒಳಕ್ಕೆ ಎಳೆದುಕೊಂಡೆವು.

ನಡುವೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಡಬ್ಬಿಯನ್ನು ಫಾರ್ಮ್ಯಾಟ್ ಮಾಡಲೇ ಅಂತ. ಈ ಮಾತನ್ನು ಚೆನ್ನಾಗಿ ನೆನಪಿಡಿ. ಇಂಗ್ಲಿಷಿನಲ್ಲಿ 'ಎಫ್' ಅಕ್ಷರದಿಂದ ಶುರುವಾಗುತ್ತದೆ. ಸ್ಲೇಟು ಒರೆಸಿದ ಹಾಗೆ ಡಬ್ಬಿಯನ್ನು ಖಾಲಿ ಮಾಡಲೇ ಅಂತ ಅದರ ಅರ್ಥ. 'ಕ್ಯಾನ್ಸಲ್' ಒತ್ತಿ. ಡಬ್ಬಿ ಟಿಕ್ ಟಿಕ್ ಅಂತ ಬಡಿದುಕೊಳ್ಳುತ್ತಿದ್ದರೆ ಕೂಡಲೇ ನಿಲ್ಲಿಸಿ. ಓಡಿಸಿದಷ್ಟೂ ಕೆಡುತ್ತದೆ. ಒಳಗಿನದನ್ನು ತೆಗೆದುಕೊಡುವ ತಿಳಿದವರ ಬಳಿ ಒಯ್ಯಿರಿ. ಖರ್ಚು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ದೀಪ ಹಚ್ಚುವ ಹೊತ್ತಿಗೆ ಬಹುಪಾಲು ಲೆಕ್ಕ ಸಿಕ್ಕಿತು. ಮೂರು ತಿಂಗಳಿನದು ಮಾತ್ರ ಏನು ಮಾಡಿದರೂ ಬರಲಿಲ್ಲ. ಜ್ಯೇಷ್ಠ, ಆಷಾಢ, ಶ್ರಾವಣದ ಉಳಿತಾಯ. ಯಾರು ಎಷ್ಟು ಕಟ್ಟಿದರು, ಯಾರ ಕಂತು ಬಾಕಿ? ಎಲ್ಲರ ಮುಖ ಸಣ್ಣದಾಯಿತು. ಗಡುವಿಗೆ ಎರಡೇ ದಿನ.

ಆಗ ಒಬ್ಬ ಅಕ್ಕ ಕಬ್ಬಿಣದ ಪೆಟ್ಟಿಗೆಯಿಂದ ಉಳಿತಾಯದ ಪುಸ್ತಕ ತಂದರು. ಆ ಮೂರು ತಿಂಗಳ ಲೆಕ್ಕ ಬರೆದದ್ದು ಅವರೇ. ಎರಡು ವರ್ಷದ ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವರು. ಪುಸ್ತಕದಲ್ಲಿ ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ಅಂಕಿ ಒಂದೂ ತಪ್ಪಿರಲಿಲ್ಲ. ಅವರು ಗಟ್ಟಿಯಾಗಿ ಓದುತ್ತಾ ಹೋದರು, ನಾವು ಟೈಪ್ ಮಾಡಿದೆವು. ಏಳನೇ ದಿನ ಸಂಜೆ ಪ್ರಿಂಟ್ ಕೈಗೆ ಬಂತು.

ಹಳೇ ಡಬ್ಬಿಗೆ ಈಗ ಲೆಕ್ಕ ಹಾಕುವುದಿಲ್ಲ. ವಾರದ ಸಭೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ಎರಡು ಪೆನ್ ಡ್ರೈವಿಗೆ ನಕಲು ಮಾಡುತ್ತೇವೆ. ಒಂದು ಸಂಘದ ಪೆಟ್ಟಿಗೆಯಲ್ಲಿ, ಇನ್ನೊಂದು ಅಧ್ಯಕ್ಷೆ ಅಕ್ಕನ ಮನೆಯಲ್ಲಿ. ಪುಸ್ತಕದಲ್ಲಿ ಬರೆಯುವುದನ್ನೂ ಬಿಟ್ಟಿಲ್ಲ.