ಪ್ರಶ್ನೆ ಕೇಳುವ ಅಂಗಡಿಯವರನ್ನೇ ನಂಬಿ

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಆದ್ರೂ ನಮ್ಮಪ್ಪನ ಹಳೇ ಕಾರಿಗೆ ಒಂದು ಸೆಟ್ ಬ್ರೇಕ್ ಪ್ಯಾಡ್ ತರೋಕೆ ನನ್ನಿಂದ ಆಗಲಿಲ್ಲ ಅಂದ್ರೆ ನಂಬ್ತೀರಾ?

ಮನೆ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕಾರಿನ ಹೆಸರು ಹೇಳಿದೆ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ ಡಬ್ಬಿ ತಂದಿಟ್ಟ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದರೆ ಪ್ಯಾಡ್ ಕೂರುತ್ತಲೇ ಇಲ್ಲ. ವಾಪಸ್ ಹೋದೆ. ‘ಡಬ್ಬಿ ಓಪನ್ ಆಗಿದೆ, ತಗೊಳಲ್ಲ ಸಾರ್’ ಅಂದ.

ಮರುದಿನ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಸಾಲು ಸಾಲು ಬಿಡಿಭಾಗದ ಅಂಗಡಿಗಳಿರುವ ರಸ್ತೆ ಅದು. ಒಂದು ಕೌಂಟರಿನಲ್ಲಿ ವಯಸ್ಸಾದವರೊಬ್ಬರು ಇದ್ದರು. ‘ಯಾವ ಇಸವಿ ಗಾಡಿ? ಯಾವ ತಿಂಗಳು? ಆರ್‌ಸಿ ಇದ್ಯಾ? ಹಳೇ ಪ್ಯಾಡ್ ತಂದಿದ್ದೀರಾ?’ ಅಂತ ಕೇಳಿದರು. ಹಳೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಒಂದು ಪ್ಯಾಡ್ ಜಾಸ್ತಿ ಸವೆದಿದೆ ಸಾರ್. ಕ್ಯಾಲಿಪರ್ ಪಿನ್ ಜಾಮ್ ಆಗಿರಬೇಕು. ಅದನ್ನ ಸರಿ ಮಾಡಿಸದೆ ಹೊಸದು ಹಾಕಿದ್ರೆ ಇದೂ ಹಂಗೇ ಸವೆಯುತ್ತೆ’ ಅಂದರು. ಮೆಕ್ಯಾನಿಕ್ ಬಿಚ್ಚಿ ನೋಡಿದ. ಅವರು ಹೇಳಿದ್ದೇ ನಿಜ. ಅದೇ ಕಾರಿನಲ್ಲಿ ನಮ್ಮ ಅಪ್ಪ-ಅಮ್ಮ ಪ್ರತಿ ವಾರ ಊರಿಗೆ ಹೋಗಿ ಬರ್ತಾರೆ ಸ್ನೇಹಿತರೇ.

ಅವರು ಅಷ್ಟೆಲ್ಲಾ ಕೇಳಿದ್ದು ಯಾಕೆ? ಕಾರಿನ ಹೆಸರು ಒಂದೇ ಇದ್ದರೂ ಒಳಗಿನ ಭಾಗ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಕೆಲವೊಮ್ಮೆ ವರ್ಷದ ಮಧ್ಯದಲ್ಲೇ ಬದಲಾಗುತ್ತದೆ. ಅದನ್ನು ಪತ್ತೆ ಹಚ್ಚುವ ಗುರುತು ಅಂದ್ರೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್.

ಬೇರಿಂಗ್ ಉದಾಹರಣೆ ತಗೊಳ್ಳಿ. ಅದರ ಮೇಲೆ 6203 ಅಂತ ಕೆತ್ತಿದ್ದರೆ ಕೊನೆಯ 03 ಅಂದ್ರೆ ಒಳ ರಂಧ್ರ 17 ಮಿಲಿಮೀಟರ್. 04 ಇದ್ದರೆ ಐದರಿಂದ ಗುಣಿಸಿ, 20 ಮಿಲಿಮೀಟರ್. ಕಾಲೇಜಿನಲ್ಲಿ ನಾನು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕೌಂಟರಿನ ಅನುಭವಿಗೆ ಇದು ನಾಲಿಗೆ ತುದಿಯಲ್ಲಿರುತ್ತೆ.

ಹಾಗಾದ್ರೆ ಅಂಥವರನ್ನು ಹುಡುಕೋದು ಹೇಗೆ? ಮೆಕ್ಯಾನಿಕ್‌ಗಳು ಮುತ್ತಿಕೊಂಡಿರುವ ಕೌಂಟರ್ ನೋಡಿ. ತಪ್ಪು ಸಾಮಾನು ಬಂದರೆ ಅವರಿಗೆ ಅರ್ಧ ದಿನದ ದುಡಿಮೆ ಹೋಗುತ್ತೆ, ಹಾಗಾಗಿ ಅವರು ಸುಮ್ಮನೆ ಎಲ್ಲೆಲ್ಲೋ ಹೋಗಲ್ಲ. ಬೆಳಗಿನ ರಶ್ ಕಳೆದ ಮೇಲೆ ಹೋಗಿ, ಹಳೇ ಭಾಗವನ್ನೂ ಆರ್‌ಸಿಯನ್ನೂ ತಗೊಂಡು ಹೋಗಿ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ‘ಡಾಟ್ 4 ಬ್ರೇಕ್ ಆಯಿಲ್ ಇರೋ ಗಾಡಿಗೆ ಡಾಟ್ 5 ಹಾಕಬಹುದಾ?’ ಅಂತ ಕೇಳಿ. ಡಾಟ್ 3, ಡಾಟ್ 4 ಗ್ಲೈಕಾಲ್‌ನಿಂದ ಮಾಡಿದ್ದು. ಡಾಟ್ 5 ಸಿಲಿಕೋನ್. ಎರಡನ್ನೂ ಬೆರೆಸಲೇಬಾರದು. ‘ಎಲ್ಲಾ ಒಂದೇ ಸಾರ್, ನಡೆಯುತ್ತೆ’ ಅಂದ್ರೆ ಕೈ ಮುಗಿದು ಹೊರಗೆ ಬನ್ನಿ. ‘ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಅಂದವರನ್ನು ಮಾತ್ರ ಬಿಡಬೇಡಿ, ಅವರು ಪ್ರಾಮಾಣಿಕರು. ಬಿಲ್ ತಗೊಳ್ಳೋದು ಮರೆಯಬೇಡಿ. ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಆ ಚೀಟಿ ಸಾಕ್ಷಿಯಾಗಿ ನೆರವಿಗೆ ಬರುತ್ತೆ.

ಆ ಯಜಮಾನರನ್ನು ‘ಎಲ್ಲಿ ಕಲಿತ್ರಿ?’ ಅಂತ ಕೇಳಿದೆ. ‘ಇಲ್ಲೇ ಸಾರ್, ಈ ಕೌಂಟರ್‌ನಲ್ಲೇ’ ಅಂದರು. ಅವರ ಹತ್ತಿರ ಡಿಗ್ರಿ ಇಲ್ಲ, ನನ್ನ ಹತ್ತಿರ ಇದೆ. ಆದರೆ ನಮ್ಮಪ್ಪನ ಕಾರಿನ ಬ್ರೇಕ್ ಇವತ್ತು ಹಿಡಿಯುತ್ತಿರೋದು ಅವರಿಂದ. ಹತ್ತು ರೂಪಾಯಿ ಕಮ್ಮಿ ಸಿಗುತ್ತೆ ಅಂತ ನಾವೆಲ್ಲ ಅಂಥ ಕೌಂಟರ್ ಬಿಟ್ಟು ಹೋದರೆ, ನಾಳೆ ಈ ಪ್ರಶ್ನೆಗಳನ್ನು ಕೇಳೋರು ಯಾರು?