ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ

ಅಡಿಕೆಯ ಕೊಯ್ಲು ಆರಂಭವಾದೊಡನೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಹಳ್ಳಿಗಳಿಂದ ಬರುವ ಕೆಲವು ಬಾಲಿಕೆಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಹೆಚ್ಚುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ತಾಯಂದಿರನ್ನು ವಿಚಾರಿಸಿದರೆ, “ಸುಲಿಯುವುದಕ್ಕೆ ಕೈ ಸಾಲದಮ್ಮಾ” ಎಂಬ ಉತ್ತರವು ದೊರೆಯುವುದು. ಇದರ ಕಾರಣವು ಬಹುಮಟ್ಟಿಗೆ ಕೂಲಿಯ ಪದ್ಧತಿಯಲ್ಲಿಯೇ ಇರುವುದರಿಂದ, ಅದನ್ನು ಪೋಷಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ವಿವರಿಸುವುದು ಯುಕ್ತವೆಂದು ತೋರಿತು.

ಮರವೇರಿ ಕೊನೆ ತೆಗೆಯುವುದು ಗಂಡಸರ ಕೆಲಸ. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವುದು ಹೆಚ್ಚಾಗಿ ಹೆಂಗಸರದು. ಹಸಿಯ ಕಾಯನ್ನು ಬಹಳ ದಿನ ಇಡುವಂತಿಲ್ಲ. ಬೇಗನೆ ಸುಲಿದು, ಬೇಯಿಸಿ, ಒಣಗಿಸಬೇಕು. ಆದುದರಿಂದ ಹಗಲಿನ ಕೆಲಸವು ರಾತ್ರಿಗೂ ಸಾಗುವುದು. ಸುಲಿತಕ್ಕೆ ದಿನಗೂಲಿಯಿಲ್ಲದೆ ಅಳತೆಯ ಕೂಲಿ ಸಲ್ಲುವ ಕಡೆಗಳಲ್ಲಿ, ತಾಯಿಯ ಡಬ್ಬವನ್ನು ತುಂಬಿಸಲು ಮಗಳೂ ಕೂರುತ್ತಾಳೆ. ಇಬ್ಬರ ದುಡಿಮೆಯು ಒಬ್ಬಳ ಹೆಸರಿನಲ್ಲಿ ಲೆಕ್ಕಕ್ಕೆ ಬರುವುದು. ಮಗಳ ಪಾಠವು ಯಾವ ಲೆಕ್ಕಕ್ಕೂ ಬಾರದು. ಅಳತೆಯ ವಿಷಯವು ಅಲ್ಪವೆಂದು ಯಾರೂ ಭಾವಿಸಬಾರದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದರ ಮೂಲದಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿವಾದವೂ ಇತ್ತಷ್ಟೆ.

ಮರವೇರುವುದು ಪ್ರಾಣಾಪಾಯದ ಕೆಲಸ. ಅದಕ್ಕೆ ಅಧಿಕ ಕೂಲಿ ಸಲ್ಲುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಒಂದೇ ತೋಟದಲ್ಲಿ ಒಂದೇ ಗೊಬ್ಬರದ ಬುಟ್ಟಿಯನ್ನು ಹೊರುವ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆಯ ದರವೆಂದರೆ, ಅದಕ್ಕೆ ರೂಢಿಯ ಹೊರತು ಬೇರೆ ಆಧಾರವು ನಮಗೆ ಕಾಣದು.

ನಮ್ಮ ಸಂವಿಧಾನದ 39ನೆಯ ವಿಧಿಯು ಸ್ತ್ರೀಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕೆಂದು ನಿರ್ದೇಶಿಸಿದೆ. 1976ರ ಸಮಾನ ವೇತನ ಕಾಯಿದೆಯು ಅದನ್ನು ಕಡ್ಡಾಯಗೊಳಿಸಿತು. ಆಡ್ರಿ ಡಿಕೋಸ್ಟಾ ಎಂಬ ಶೀಘ್ರಲಿಪಿಕಾರ ಮಹಿಳೆಯ ಮೊಕದ್ದಮೆಯಲ್ಲಿ, ಧಣಿಯ ಹಣದ ಮುಗ್ಗಟ್ಟು ಇದಕ್ಕೆ ನೆಪವಾಗಲಾರದೆಂದು ಸುಪ್ರೀಂ ಕೋರ್ಟು 1987ರಲ್ಲಿ ತೀರ್ಪಿತ್ತಿತು. ಆ ಕಾಯಿದೆಯ ಸ್ಥಾನದಲ್ಲಿ ಈಗ 2019ರ ವೇತನ ಸಂಹಿತೆಯಿದೆ. ಎರಡರಲ್ಲಿಯೂ ಇರುವ ಮಾತು “ಒಂದೇ ಬಗೆಯ ಅಥವಾ ಹೋಲುವ ಸ್ವಭಾವದ ಕೆಲಸ” ಎಂಬುದು. ತೊಡಕು ಇಲ್ಲಿಯೇ. ಗೊಬ್ಬರದ ಬುಟ್ಟಿಗೆ ಈ ಮಾತು ನೇರವಾಗಿ ಅನ್ವಯಿಸುವುದು. ಹೆಂಗಸರೇ ಮಾಡುವ ಸುಲಿತವನ್ನಾದರೋ ಯಾವುದರೊಡನೆ ಹೋಲಿಸತಕ್ಕದ್ದು?

ಅಮೆರಿಕದಲ್ಲಿಯೂ 1963ರಿಂದ ಸಮಾನ ವೇತನದ ಕಾನೂನುಂಟು. ಆದರೂ ಅಲ್ಲಿನ ಲ್ಯಾಟಿನಾ ಸ್ತ್ರೀಯರ ಸರಾಸರಿ ಗಳಿಕೆಯು ಬಿಳಿಯ ಪುರುಷರ ಗಳಿಕೆಯ ಅರ್ಧಕ್ಕೆ ತುಸು ಮೇಲಷ್ಟೇ ಇದೆ. ಕಡಿಮೆ ಸಂಬಳದ ಕೆಲಸಗಳಲ್ಲಿ ಅವರೇ ಹೆಚ್ಚಾಗಿ ತುಂಬಿರುವುದು ಅದಕ್ಕೊಂದು ಕಾರಣ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ತೋಟದ ಮನೆಗಳ ಯಜಮಾನಿಯರಾಗಿ ಕೂಲಿಯ ಲೆಕ್ಕವನ್ನು ತಾವೇ ಬರೆಯುತ್ತಿದ್ದಾರೆ. ಅವರು ಈ ಸುಗ್ಗಿಯಲ್ಲಿ ಪ್ರತಿಯೊಬ್ಬ ಸುಲಿಯುವವಳ ಡಬ್ಬಗಳ ಪಕ್ಕದಲ್ಲಿ ಆಕೆ ಕುಳಿತ ಗಂಟೆಗಳನ್ನೂ ಬರೆದು, ಬಂದ ಮೊತ್ತವನ್ನು ಗಂಡಾಳಿನ ದಿನಗೂಲಿಯೊಡನೆ ತಾಳೆ ನೋಡಲಿ. ಹಣವನ್ನು ಆಕೆಯ ಕೈಗೇ ಕೊಡಲಿ. ಮಗಳು ಜೊತೆಗೆ ಬಂದಿದ್ದರೆ, ಯಾವ ತರಗತಿಯೆಂದು ವಿಚಾರಿಸಿ ನಮಗೊಂದು ಕಾಗದ ಬರೆಯಲಿ.